ಹಿನ್ನೀರಿನ ಚಳಿಯಲ್ಲಿ ಕಾರಿನ ಎ.ಸಿ.

"ಬೇಸಿಗೇಲಿ ಚೆನ್ನಾಗೇ ಇತ್ತು. ಈಗ ಬೆಳಿಗ್ಗೆ ಹೊತ್ತು ಎ.ಸಿ. ಹಾಕಿದ್ರೆ ಬರೀ ಗಾಳಿ ಬರುತ್ತೆ, ತಣ್ಣಗೇ ಆಗಲ್ಲ. ಗಾಜು ಬೇರೆ ಮಂಜಾಗುತ್ತೆ." ಲಕ್ಕವಳ್ಳಿ, ತರೀಕೆರೆ, ಬಿ.ಆರ್. ಪ್ರಾಜೆಕ್ಟ್ ಕಡೆ ಡಿಸೆಂಬರ್-ಜನವರಿಯಲ್ಲಿ ಕಾರು ಓಡಿಸುವವರ ಬಾಯಲ್ಲಿ ಕೇಳಿಬರುವ ದೂರು ಇದು. ಗ್ಯಾರೇಜಿನಲ್ಲಿ ಇದಕ್ಕೆ ಸಿಗುವ ಉತ್ತರವೂ ಹೆಚ್ಚುಕಮ್ಮಿ ಒಂದೇ: "ಗ್ಯಾಸ್ ಕಮ್ಮಿ ಆಗಿದೆ ಸಾರ್, ಹಾಕ್ಸಿಬಿಡಿ."

ಗ್ಯಾಸ್ ಕಮ್ಮಿಯಾಗಿರಬಹುದು, ಆಗಿಲ್ಲದೆಯೂ ಇರಬಹುದು. ಯಾವುದು ನಿಜ ಎಂದು ನೋಡದೆ ಚಳಿಗಾಲದಲ್ಲಿ ತುಂಬಿಸಿದ ಗ್ಯಾಸು ಏಪ್ರಿಲ್ ಬಿಸಿಲಿನಲ್ಲಿ ಕಂಪ್ರೆಸರಿಗೆ ಪೆಟ್ಟು ಕೊಡುತ್ತದೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಭದ್ರಾ ಹಿನ್ನೀರಿನ ದಡದ ಚಳಿ ಕಾರಿನ ಎ.ಸಿ.ಯನ್ನು ನಿಲ್ಲಿಸುವಷ್ಟು ಚಳಿಯೇ ಅಲ್ಲ. ಎ.ಸಿ. ಇಲ್ಲಿ ಬೆಳಗಿನ ಹೊತ್ತು ಸೋತರೆ ಅದಕ್ಕೆ ಚಳಿಯ ಹೊರತಾಗಿ ಬೇರೊಂದು ಕಾರಣ ಇದ್ದೇ ಇದೆ. ಆ ಕಾರಣವನ್ನು ಪತ್ತೆಮಾಡಲು ಚಳಿ ಬೆಳಗಿಗಿಂತ ಒಳ್ಳೆಯ ಸಮಯವಿಲ್ಲ.

ಚಳಿಯಲ್ಲಿ ಎ.ಸಿ. ಯಾಕೆ ಬೇಕು ಎಂಬ ಪ್ರಶ್ನೆ ಮೊದಲು ಬರುತ್ತದೆ. ತಂಪಿಗಾಗಿ ಖಂಡಿತ ಅಲ್ಲ, ಗಾಜಿಗಾಗಿ. ಅದಕ್ಕೆ ಇಲ್ಲಿನ ಬೆಳಗಿನ ಗಾಳಿ ಎಂಥದೆಂದು ಮೊದಲು ನೋಡಬೇಕು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ 186 ಅಡಿ. ಹಿಡಿಯುವ ನೀರು 71.5 ಟಿ.ಎಂ.ಸಿ. ನೂರು ಚದರ ಕಿಲೋಮೀಟರಿಗೂ ಹೆಚ್ಚು ಜಾಗದಲ್ಲಿ ಹರಡಿದ ಆ ನೀರು ಹಗಲಿನ ಬಿಸಿಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ರಾತ್ರಿ ಕಳೆದಂತೆ ಸುತ್ತಲಿನ ಗುಡ್ಡ, ತೋಟ, ಗದ್ದೆಗಳ ಮೇಲಿನ ಗಾಳಿ 13ರಿಂದ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ನೀರು ಮಾತ್ರ ಅದಕ್ಕಿಂತ ಬೆಚ್ಚಗೇ ಉಳಿಯುತ್ತದೆ. ಬೆಚ್ಚನೆಯ ನೀರಿನಿಂದ ಎದ್ದ ಆವಿ ತಣ್ಣನೆಯ ಗಾಳಿ ಸೇರಿ ಸಣ್ಣ ಹನಿಗಳಾಗುತ್ತದೆ. ಬೆಳಗಿನ ಸಫಾರಿಗೆಂದು ಅರಣ್ಯದ ಲಕ್ಕವಳ್ಳಿ ವಲಯದ ಗೇಟಿನತ್ತ ಹೋಗುವವರಿಗೂ, ಬಸ್ಸು ಬರುವ ಮುಂಚೆ ಕಾರು ತೆಗೆದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೋ ಶಿವಮೊಗ್ಗಕ್ಕೋ ಹೊರಡುವವರಿಗೂ ಎದುರಾಗುವ ಮಂಜು ಇದೇ.

ಈ ಗಾಳಿಗೆ ಇನ್ನಷ್ಟು ನೀರು ಹಿಡಿಯುವ ಶಕ್ತಿ ಇರುವುದಿಲ್ಲ. 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 13 ಗ್ರಾಂ ಆವಿ ಇಟ್ಟುಕೊಳ್ಳಬಲ್ಲದು. ಸಣ್ಣ ಕಾರಿನ ಒಳಗೆ ಮೂರು ಘನ ಮೀಟರ್ ಜಾಗವಿದೆ ಅನ್ನೋಣ. ಒಟ್ಟು 40 ಗ್ರಾಂಗೆ ಅದರ ಲೆಕ್ಕ ಮುಗಿಯಿತು. ಕಾರಿನಲ್ಲಿ ಕೂತ ಒಬ್ಬೊಬ್ಬರೂ ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ 40-50 ಗ್ರಾಂ ನೀರನ್ನು ಹೊರಬಿಡುತ್ತಾರೆ. ನಾಲ್ಕು ಜನ ಕೂತು, ಗಾಜು ಏರಿಸಿ, ಹೊರಗಿನ ಗಾಳಿ ಬಾರದಂತೆ ಗುಂಡಿ ಒತ್ತಿದರೆ ಕಾಲು ಗಂಟೆಯಲ್ಲಿ ಒಣ ಗಾಳಿಯೂ ಭರ್ತಿಯಾಗುತ್ತದೆ. ಮಂಜಿನಲ್ಲಿ ಬಾಗಿಲು ತೆಗೆದು ಹತ್ತಿದ್ದರಂತೂ ಗಾಳಿ ಮೊದಲೇ ಅರ್ಧಕ್ಕಿಂತ ಹೆಚ್ಚು ತುಂಬಿರುತ್ತದೆ. ಹೆಚ್ಚಾದ ಆವಿ ಕಾರಿನಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗಕ್ಕೆ, ಅಂದರೆ ಮುಂದಿನ ಗಾಜಿಗೆ ಹೋಗಿ ಕೂರುತ್ತದೆ.

ಬಟ್ಟೆಯಲ್ಲಿ ಒರೆಸಿದರೆ ಗಾಜಿನ ಮೇಲಿನ ನೀರು ಹೋಗುತ್ತದೆ, ಗಾಳಿಯಲ್ಲಿರುವುದು ಹೋಗುವುದಿಲ್ಲ. ಎ.ಸಿ. ಮಾಡುವುದು ಆ ಎರಡನೆಯ ಕೆಲಸವನ್ನು. ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್ ನಾಲ್ಕೈದು ಡಿಗ್ರಿಗೆ ತಣ್ಣಗಾಗಿರುತ್ತದೆ. ಅದರ ಮೂಲಕ ಹಾದ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು ಆರೂವರೆ ಗ್ರಾಂ ಮಾತ್ರ ಆವಿ ಉಳಿದು, ಮಿಕ್ಕಿದ್ದು ಕಾಯಿಲ್ ಮೇಲೆ ಹನಿಗಟ್ಟಿ ಕಾರಿನ ಅಡಿಯಿಂದ ತೊಟ್ಟಿಕ್ಕುತ್ತದೆ. ಅದೇ ಗಾಳಿಯನ್ನು ಹೀಟರಿನ ಮೇಲೆ ಹಾಯಿಸಿ 25 ಡಿಗ್ರಿಗೆ ಬಿಸಿ ಮಾಡಿದರೆ ಅದು 23 ಗ್ರಾಂ ಹಿಡಿಯಬಲ್ಲದು. ಅದರಲ್ಲಿ ಇರುವುದು ಆರೂವರೆ. ಅಷ್ಟು ಒಣಗಿದ ಗಾಳಿ ಗಾಜಿಗೆ ಬಡಿದರೆ ಒಂದೆರಡು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ. ಚಳಿಯಲ್ಲಿ ಎ.ಸಿ. ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕುವುದು ಸರಿಯಾದ ಕ್ರಮ. ಇದು ದುಂದು ಎಂದು ತಿಳಿದು ಒಂದನ್ನು ಆರಿಸುವವರು ಬಹಳ ಜನ ಇದ್ದಾರೆ. ದಯವಿಟ್ಟು ಆರಿಸಬೇಡಿ, ಕಾಡಂಚಿನ ರಸ್ತೆಯಲ್ಲಿ ಎದುರಿಗೆ ಬರುವುದು ಜಿಂಕೆಯೋ ಸೈಕಲ್ಲೋ ಎಂದು ಕಾಣಬೇಕಾದ ಗಾಜು ಅದು. ಹೊರಗಿನ ಗಾಳಿ ಒಳಬರುವ ಗುಂಡಿಯನ್ನೂ ತೆರೆದಿಡಿ.

ಮಳೆಗಾಲದ ರಾತ್ರಿಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಮಂಜು ಇದೆ. ಒಳಗೆ ಎ.ಸಿ. ಜೋರಾಗಿದ್ದು ಗಾಜೇ ತಣ್ಣಗಾದಾಗ ಹೊರಗಿನ ತೇವದ ಗಾಳಿ ಗಾಜಿನ ಹೊರಮೈಗೆ ಕಟ್ಟುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಅದು ಹೋಗದು. ಒಮ್ಮೆ ವೈಪರ್ ಆಡಿಸಿ, ಗಾಳಿಯನ್ನು ಗಾಜಿನಿಂದ ಬೇರೆಡೆಗೆ ತಿರುಗಿಸಿದರೆ ಸಾಕು.

ಕಾಯಿಲ್ ಮೇಲೆ ಹನಿಗಟ್ಟಿ ತೊಟ್ಟಿಕ್ಕುವ ನೀರಿನಿಂದಲೇ ಖರ್ಚಿಲ್ಲದ ಮೊದಲ ಪರೀಕ್ಷೆ ಸಿಗುತ್ತದೆ. ಚಳಿ ಬೆಳಗಿನಲ್ಲಿ ದ್ವಾರದಿಂದ ಬರುವ ಗಾಳಿ ತಣ್ಣಗಿದೆಯೇ ಎಂದು ಕೈ ಹಿಡಿದು ನೋಡಿದರೆ ಏನೂ ತಿಳಿಯುವುದಿಲ್ಲ. ಹೊರಗೇ 14 ಡಿಗ್ರಿ ಇರುವಾಗ 7 ಡಿಗ್ರಿಯ ಗಾಳಿ ಅಂಥ ತಣ್ಣಗೆ ಅನಿಸುವುದಿಲ್ಲ. ಬೇಸಿಗೆಯಲ್ಲಿ 35 ಡಿಗ್ರಿಯಿಂದ ಒಳಗೆ ಬಂದವರಿಗೆ 12 ಡಿಗ್ರಿಯ ಗಾಳಿಯೇ ಹಿಮದಂತೆ ತೋರಿರುತ್ತದೆ. ಆದ್ದರಿಂದ ಚರ್ಮವನ್ನು ನಂಬದೆ, ಹೊರಗಿನ ಗಾಳಿ ಒಳಬರುವಂತೆ ಇಟ್ಟು ಎ.ಸಿ. ಹಾಕಿ, ಹತ್ತು ಹದಿನೈದು ನಿಮಿಷ ಬಿಟ್ಟು ಕಾರಿನ ಎಡಭಾಗದ ಅಡಿಯಲ್ಲಿ ನೋಡಿ. ಮಂಜಿನ ದಿನ ಅಲ್ಲಿ ನೀರು ತೊಟ್ಟಿಕ್ಕುತ್ತಿದ್ದರೆ ಕಾಯಿಲ್ ತಣ್ಣಗಾಗುತ್ತಿದೆ, ಗ್ಯಾಸು ಓಡಾಡುತ್ತಿದೆ ಎಂದೇ ಅರ್ಥ. ನೀರು ಕೆಳಗೆ ಬೀಳದೆ ಎಡಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದರೆ ನೀರು ಹೊರಹೋಗುವ ಪೈಪು ಕಟ್ಟಿಕೊಂಡಿದೆ. ಮರದ ನೆರಳಲ್ಲಿ ನಿಲ್ಲಿಸುವ ಕಾರುಗಳಿಗೆ ಇದು ಸಾಮಾನ್ಯ. ಒಣಗಿದ ಎಲೆಯ ಚೂರು, ಹೂವಿನ ಪುಡಿ, ಧೂಳು ಸೇರಿ ಕೆಸರಾಗಿ ಆ ಸಣ್ಣ ಪೈಪಿನಲ್ಲಿ ಕೂತಿರುತ್ತದೆ. ಎ.ಸಿ. ಹಾಕಿದೊಡನೆ ಬರುವ ಮುಗ್ಗಲು ವಾಸನೆಯ ಮೂಲವೂ ಹಲವು ಸಲ ಅದೇ.

ತೊಟ್ಟಿಕ್ಕಲೂ ಇಲ್ಲ, ಮ್ಯಾಟ್ ಒದ್ದೆಯೂ ಆಗಿಲ್ಲ ಎಂದಾದರೆ ಬಾನೆಟ್ ಎತ್ತಬೇಕು.

ಕಾರಿನ ಎ.ಸಿ.ಯಲ್ಲಿ ಇರುವುದು ನಾಲ್ಕೇ ಮುಖ್ಯ ಅಂಗ. ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ. ಮುಂದಿನ ಜಾಲರಿಯ ಹಿಂದಿರುವ ಕಂಡೆನ್ಸರಿನಲ್ಲಿ ಅದು ಬಿಸಿ ಕಳೆದುಕೊಂಡು ದ್ರವವಾಗುತ್ತದೆ. ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ಕಿಂಡಿ ದಾಟಿದ ಮೇಲೆ ಒತ್ತಡ ತಟ್ಟನೆ ಇಳಿದು, ಕೂಲಿಂಗ್ ಕಾಯಿಲ್‌ನಲ್ಲಿ ಆ ದ್ರವ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಕಾರಿನ ಒಳಗಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಓಡುವ ಬಹುಪಾಲು ಕಾರುಗಳಲ್ಲಿರುವ ಗ್ಯಾಸು ಆರ್-134ಎ. ಬಯಲಿನಲ್ಲಿಟ್ಟರೆ ಮೈನಸ್ 26 ಡಿಗ್ರಿಗೇ ಕುದಿಯುವ ವಸ್ತು ಅದು. ಪೈಪಿನೊಳಗೆ ಒತ್ತಡದಲ್ಲಿ ಇರುವುದರಿಂದ ಸ್ವಲ್ಪ ದ್ರವವಾಗಿ, ಸ್ವಲ್ಪ ಆವಿಯಾಗಿ ಉಳಿದಿರುತ್ತದೆ.

ದ್ರವವೂ ಆವಿಯೂ ಒಂದೇ ಮುಚ್ಚಿದ ಪಾತ್ರೆಯಲ್ಲಿ ಜೊತೆಗಿದ್ದರೆ ಒಳಗಿನ ಒತ್ತಡ ಎಷ್ಟು ಎಂಬುದನ್ನು ನಿರ್ಧರಿಸುವುದು ಉಷ್ಣಾಂಶ ಮಾತ್ರ. ದ್ರವ ಎಷ್ಟಿದೆ ಎಂಬುದಕ್ಕೂ ಒತ್ತಡಕ್ಕೂ ಸಂಬಂಧವಿಲ್ಲ. ಇದು ನಂಬಲು ಕಷ್ಟವಾದ ಮಾತು, ಆದರೆ ಇದರ ರುಜುವಾತು ಪ್ರತಿ ಅಡುಗೆಮನೆಯಲ್ಲೂ ಇದೆ. ಗ್ಯಾಸ್ ಸಿಲಿಂಡರ್ ತುಂಬಿದ್ದಾಗಲೂ ಕಾಲು ಭಾಗ ಉಳಿದಾಗಲೂ ಒಲೆಯ ಉರಿ ಒಂದೇ ಸಮ ಇರುತ್ತದೆ. ಕೊನೆಯ ದ್ರವ ಆವಿಯಾಗಿ ಹೋದಮೇಲಷ್ಟೇ ಉರಿ ಸಣ್ಣಗಾಗುತ್ತದೆ. ಹಾಗೆಯೇ ಮಲೆನಾಡಿನ ಚಳಿ ಬೆಳಗಿನಲ್ಲಿ ಅರ್ಧ ತುಂಬಿದ ಸಿಲಿಂಡರಿನ ಉರಿಯೂ ಕುಗ್ಗುವುದುಂಟು. ಗ್ಯಾಸು ಮುಗಿಯಿತೆಂದು ಆಗ ಯಾರೂ ಅಂದುಕೊಳ್ಳುವುದಿಲ್ಲ. ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ಸಿಲಿಂಡರನ್ನು ಎತ್ತಿ ನೋಡುತ್ತೇವೆ, ಅಂದರೆ ತೂಕ ನೋಡುತ್ತೇವೆ. ಕಾರಿನ ಗ್ಯಾಸಿಗೂ ನಿಯಮ ಇದೇ. ಒತ್ತಡ ನೋಡಿ ಪ್ರಮಾಣ ಹೇಳಲಾಗದು.

ಮೆಕ್ಯಾನಿಕ್ ತರುವ ಗೇಜಿನ ಸೆಟ್ಟನ್ನು ಒಮ್ಮೆ ಹತ್ತಿರದಿಂದ ನೋಡಿ. ಕೆಂಪು ಗೇಜು ಹೆಚ್ಚಿನ ಒತ್ತಡದ ಕಡೆಗೆ, ನೀಲಿ ಗೇಜು ಕಡಿಮೆ ಒತ್ತಡದ ಕಡೆಗೆ. ನೀಲಿ ಗೇಜಿನ ಹೊರವೃತ್ತದಲ್ಲಿ ಒತ್ತಡದ ಅಳತೆಯಾದ ಪಿ.ಎಸ್.ಐ. ಅಂಕಿಗಳಿರುತ್ತವೆ, ಎಲ್ಲರೂ ಓದುವುದು ಅದನ್ನೇ. ಅದರ ಒಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಎರಡು ಮೂರು ವೃತ್ತಗಳಿದ್ದು, ಪ್ರತಿಯೊಂದರ ಮೇಲೂ ಒಂದೊಂದು ಗ್ಯಾಸಿನ ಹೆಸರು ಅಚ್ಚಾಗಿರುತ್ತದೆ: ಆರ್-134ಎ, ಆರ್-22, ಆರ್-404ಎ. ಆ ಒಳವೃತ್ತದ ಅಂಕಿಗಳು ಒತ್ತಡದವಲ್ಲ, ಉಷ್ಣಾಂಶದವು. ರಾತ್ರಿಯಿಡೀ ನಿಂತ ಕಾರಿಗೆ, ಎಂಜಿನ್ ಶುರು ಮಾಡುವ ಮುಂಚೆ, ಈ ಗೇಜು ಹಾಕಿದರೆ ಮುಳ್ಳು ಆರ್-134ಎ ವೃತ್ತದ ಮೇಲೆ ಆಗಿನ ಹವೆಯ ಉಷ್ಣಾಂಶವನ್ನೇ ತೋರಿಸಬೇಕು. ಹೊರಗೆ 14 ಡಿಗ್ರಿ ಇದ್ದರೆ ಮುಳ್ಳು 14ರ ಹತ್ತಿರ, ಹೊರವೃತ್ತದಲ್ಲಿ ಸುಮಾರು 55 ಪಿ.ಎಸ್.ಐ. 25 ಡಿಗ್ರಿಯ ದಿನ ಅದೇ ಕಾರಿನಲ್ಲಿ 82ರ ಹತ್ತಿರ, 35 ಡಿಗ್ರಿಯ ದಿನ 115ರ ಹತ್ತಿರ. ಅದೇ ಕಾರು, ಅದೇ ಗ್ಯಾಸು, ಅಷ್ಟೇ ಗ್ರಾಂ. ಏಪ್ರಿಲ್‌ನ ಅಂಕಿ ನೆನಪಿಟ್ಟುಕೊಂಡ ಕಣ್ಣಿಗೆ ಜನವರಿಯ ಅಂಕಿ ಅರ್ಧಕ್ಕಿಂತ ಕಡಿಮೆ ಕಂಡರೆ ಆಶ್ಚರ್ಯವಿಲ್ಲ.

ಚಳಿ ಬೆಳಗು ಒಳ್ಳೆಯ ಪರೀಕ್ಷಕ ಎಂದದ್ದು ಇದಕ್ಕೇ. ರಾತ್ರಿ ಪೂರ್ತಿ ನಿಂತ ಕಾರಿನ ಎಲ್ಲ ಭಾಗಗಳೂ ಒಂದೇ ಉಷ್ಣಾಂಶಕ್ಕೆ ಬಂದಿರುತ್ತವೆ. ಮುಳ್ಳು ಹೊರಗಿನ ಉಷ್ಣಾಂಶಕ್ಕೆ ಸರಿಹೊಂದಿದರೆ ಒಳಗೆ ದ್ರವ ಇದೆ. ಅದು ಪೂರ್ತಿ ಇದೆಯೋ ಅರೆಬರೆಯೋ ಗೇಜು ಹೇಳದು, ಆದರೆ ಖಾಲಿಯಂತೂ ಅಲ್ಲ. 14 ಡಿಗ್ರಿಯ ಬೆಳಗಿನಲ್ಲಿ ಮುಳ್ಳು 55ರ ಬದಲು 30ರಲ್ಲಿ ನಿಂತಿದ್ದರೆ ಒಳಗೆ ದ್ರವದ ಹನಿಯೂ ಇಲ್ಲ, ಗ್ಯಾಸು ಎಲ್ಲೋ ಸೋರಿಹೋಗಿದೆ. ಈ ಎರಡನೆಯ ಸಂದರ್ಭದಲ್ಲಿ "ಗ್ಯಾಸ್ ಕಮ್ಮಿ" ಎಂಬ ಮಾತು ನೂರಕ್ಕೆ ನೂರು ಸತ್ಯ. ಆಗಲೂ ಮೇಲೆ ಸ್ವಲ್ಪ ಹಾಕಿ ಕಳಿಸುವುದು ಪರಿಹಾರವಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಈಗ ಚಳಿಗೇ ಎ.ಸಿ. ನಿಲ್ಲುವ ವಿಚಾರ. ಇದು ಸುಳ್ಳಲ್ಲ, ಬೇರೆ ಊರುಗಳ ಸತ್ಯ. ಕಾರುಗಳಲ್ಲಿ ಕಡಿಮೆ ಒತ್ತಡಕ್ಕೆ ಕಂಪ್ರೆಸರನ್ನು ನಿಲ್ಲಿಸುವ ಸ್ವಿಚ್ಚೋ ಸೆನ್ಸರೋ ಇರುತ್ತದೆ. ಆರ್-134ಎ ಒತ್ತಡ 0 ಡಿಗ್ರಿಯಲ್ಲಿ 28 ಪಿ.ಎಸ್.ಐ. ಆಸುಪಾಸಿಗೆ ಇಳಿಯುತ್ತದೆ. ಹಲವು ಕಾರುಗಳಲ್ಲಿ ಸ್ವಿಚ್ಚು ಕಂಪ್ರೆಸರನ್ನು ತಡೆಯುವುದೂ ಹೆಚ್ಚುಕಮ್ಮಿ ಅಷ್ಟರಲ್ಲೇ. ಇದರ ಮೇಲೆ, ಹೊರಗಿನ ಉಷ್ಣಾಂಶ ಐದಕ್ಕಿಂತಲೋ ಎರಡಕ್ಕಿಂತಲೋ ಕೆಳಗಿಳಿದರೆ ಕಂಪ್ರೆಸರ್ ಓಡಬಾರದೆಂದು ಎಂಜಿನ್ನಿನ ಕಂಪ್ಯೂಟರಿನಲ್ಲಿ ಬರೆದೂ ಇರುತ್ತಾರೆ. ಕಾರಣ ಸರಳ: ಅಂಥ ಚಳಿಯಲ್ಲಿ ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ, ಗ್ಯಾಸಿನ ಜೊತೆ ತಿರುಗಬೇಕಾದ ಎಣ್ಣೆ ಕಂಪ್ರೆಸರಿಗೆ ಸರಿಯಾಗಿ ವಾಪಸಾಗುವುದಿಲ್ಲ, ಕುದಿಯದೆ ಉಳಿದ ದ್ರವ ಕಂಪ್ರೆಸರನ್ನೇ ಹೊಕ್ಕರೆ ಅದು ಮುರಿಯಬಹುದು. ದ್ರವವನ್ನು ಒತ್ತಿ ಕುಗ್ಗಿಸಲಾಗದು. ಕೆನಡಾದಲ್ಲಿ ನೆಲೆಸಿದ ಕನ್ನಡದ ಮನೆಯವರಿಗೆ ಜನವರಿಯಲ್ಲಿ ಎ.ಸಿ. ದೀಪ ಹತ್ತಿದರೂ ಕಂಪ್ರೆಸರ್ ತಿರುಗದಿದ್ದರೆ ಅದು ಕಾಯಿಲೆಯಲ್ಲ, ಕಾರು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಲಕ್ಕವಳ್ಳಿಯಲ್ಲಿ ಈ ಗಡಿ ಬರುವುದೇ ಇಲ್ಲ. ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಹೋದರೂ ಏಳುನೂರು ಮೀಟರ್ ಏರಿದ್ದಕ್ಕೆ ನಾಲ್ಕೈದು ಡಿಗ್ರಿ ಇಳಿಯಬಹುದು, ಅಷ್ಟೇ. ಚಳಿ ದೇಶದವರಿಗೆಂದು ಬರೆದ ಸಲಹೆಯನ್ನು ಓದಿ, "ಚಳಿಗೆ ಹೀಗೇ ಆಗೋದು" ಎಂದು ಇಲ್ಲಿಯವರು ಸುಮ್ಮನಾಗುವಂತಿಲ್ಲ.

ಆದರೆ ಹೊರಗೆ ಚಳಿ ಇಲ್ಲದೆಯೂ ಕಾರು ಚಳಿ ಇದೆಯೆಂದು ತಿಳಿಯಬಹುದು. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದ ಅತ್ಯಂತ ಸ್ವಾರಸ್ಯದ ಭಾಗ ಇದು.

ಹೊರಗಿನ ಉಷ್ಣಾಂಶ ಅಳೆಯುವ ಸೆನ್ಸರ್ ಸಾಮಾನ್ಯವಾಗಿ ಮುಂದಿನ ಬಂಪರಿನ ಹಿಂದೆ, ಜಾಲರಿಯ ಬಳಿ ನೇತಾಡುತ್ತಿರುತ್ತದೆ; ಕೆಲವು ಕಾರುಗಳಲ್ಲಿ ಪಕ್ಕದ ಕನ್ನಡಿಯಲ್ಲಿ. ಶೇಂಗಾ ಬೀಜದಷ್ಟು ದಪ್ಪದ ಮೂತಿ, ಅದಕ್ಕೆ ಎರಡು ತೆಳ್ಳನೆಯ ತಂತಿ. ಒಳಗಿರುವುದು ಥರ್ಮಿಸ್ಟರ್ ಎಂಬ ಮಣಿ. ಬಿಸಿಯಾದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. 25 ಡಿಗ್ರಿಯಲ್ಲಿ ಇರುವ ರೋಧ 0 ಡಿಗ್ರಿಯಲ್ಲಿ ಸುಮಾರು ಮೂರು ಪಟ್ಟಾಗುತ್ತದೆ. ಕಂಪ್ಯೂಟರಿಗೆ ಹೊರಗಿನ ಉಷ್ಣಾಂಶ ತಿಳಿಯುವುದು ಈ ರೋಧದಿಂದಲೇ. ಎರಡು ತಂತಿಗಳಲ್ಲಿ ಒಂದು ತುಂಡಾಯಿತೆನ್ನಿ. ರೋಧ ಅನಂತವಾಗುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಮೈನಸ್ 40 ಡಿಗ್ರಿಯಂಥ ಚಳಿ! ಅಂಥ ಚಳಿಯಲ್ಲಿ ಕಂಪ್ರೆಸರನ್ನು ತಡೆಯಬೇಕೆಂದು ಅದಕ್ಕೆ ಹೇಳಿಕೊಟ್ಟಿದೆ, ತಡೆಯುತ್ತದೆ. ತಂತಿ ತುಂಡಾದದ್ದನ್ನು ಗುರುತಿಸಿ ಎಚ್ಚರಿಸುವ ಕಾರುಗಳೂ ಇವೆ, ಆದರೆ ಎಲ್ಲವೂ ಅಲ್ಲ.

ತಂತಿ ತುಂಡಾಗುವುದಾದರೂ ಹೇಗೆ? ಭತ್ತದ ಕೊಯ್ಲು ಮುಗಿದು, ಅಂಗಳದಲ್ಲಿ ಅಡಿಕೆ ಒಣಗುವ ಈ ಕಾಲದಲ್ಲಿ ಗದ್ದೆಯ ಇಲಿಗಳು ಮನೆ, ಕೊಟ್ಟಿಗೆ, ಶೆಡ್ಡುಗಳತ್ತ ಬರುತ್ತವೆ. ಸಂಜೆ ಓಡಿ ಬಂದು ನಿಂತ ಕಾರಿನ ಬಾನೆಟ್ಟಿನ ಅಡಿಯಷ್ಟು ಬೆಚ್ಚಗಿನ ಜಾಗ ಚಳಿ ರಾತ್ರಿಯಲ್ಲಿ ಇನ್ನೆಲ್ಲಿ ಸಿಕ್ಕೀತು? ಇಲಿಯ ಹಲ್ಲು ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಬಂಪರಿನ ಹಿಂದಿನ ತೆಳುತಂತಿ ಅದಕ್ಕೆ ಸುಲಭದ ತುತ್ತು. ಚಳಿ ಶುರುವಾಯಿತು, ಎ.ಸಿ. ನಿಂತಿತು ಎಂದು ಜೋಡಿಸಿ ನೋಡುವ ನಮಗೆ ನಡುವೆ ಇಲಿ ಇರುವುದು ಹೊಳೆಯುವುದಿಲ್ಲ. ಚಳಿ ಇಲಿಯನ್ನು ಕರೆತಂದಿತು, ಇಲಿ ತಂತಿಯನ್ನು ಕಡಿಯಿತು, ಕಡಿದ ತಂತಿ ಕಂಪ್ಯೂಟರಿಗೆ ಇಲ್ಲದ ಹಿಮವನ್ನು ತೋರಿಸಿತು.

ಪರೀಕ್ಷೆ ಸುಲಭ. ಹೊರಗಿನ ಉಷ್ಣಾಂಶವನ್ನು ಮೀಟರಿನಲ್ಲಿ ತೋರಿಸುವ ಕಾರಾದರೆ ಆ ಅಂಕಿ ನೋಡಿ. 14 ಇರಬೇಕಾದಲ್ಲಿ ಮೈನಸ್ ಏನೋ, ಅಥವಾ ಬರೀ ಗೀಟು ಬಂದರೆ ಅಲ್ಲೇ ಸಿಕ್ಕಿತು. ತೋರಿಸದ ಕಾರಾದರೆ ಸೆನ್ಸರಿನ ಪ್ಲಗ್ ತೆಗೆದು ಮಲ್ಟಿಮೀಟರನ್ನು ಓಮ್ಸಿಗೆ ತಿರುಗಿಸಿ ಎರಡು ಕಾಲಿಗೆ ಹಿಡಿಯಿರಿ. ಅಂಕಿ ಬಂದ ಮೇಲೆ ಸೆನ್ಸರಿನ ಮೂತಿಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಅಂಕಿ ನೋಡುನೋಡುತ್ತಲೇ ಇಳಿಯತೊಡಗಬೇಕು, ಕೈ ಬಿಟ್ಟರೆ ನಿಧಾನಕ್ಕೆ ಏರಬೇಕು. ಹಾಗೆ ಆದರೆ ಮಣಿ ಜೀವಂತ, ತೊಂದರೆ ಅದರಿಂದಾಚೆಯ ತಂತಿಯಲ್ಲಿ. ಮೀಟರ್ ಏನೂ ತೋರದೆ ಸುಮ್ಮನಿದ್ದರೆ ಸೆನ್ಸರೇ ಹೋಗಿದೆ. ಎರಡಕ್ಕೂ ಗ್ಯಾಸಿನ ಸಂಬಂಧವಿಲ್ಲ, ಎರಡಕ್ಕೂ ಗ್ಯಾಸು ತುಂಬಿಸಿದಷ್ಟು ಖರ್ಚೂ ಇಲ್ಲ.

ಇದೇ ಬಗೆಯ ಇನ್ನೊಂದು ಮಣಿ ಕೂಲಿಂಗ್ ಕಾಯಿಲ್‌ಗೆ ಅಂಟಿಕೊಂಡಿರುತ್ತದೆ. ಕಾಯಿಲ್ ಮೂರ್ನಾಲ್ಕು ಡಿಗ್ರಿಗೆ ಇಳಿದೊಡನೆ ಕಂಪ್ರೆಸರನ್ನು ನಿಲ್ಲಿಸುವುದು ಅದರ ಕೆಲಸ. ಚಳಿ ದಿನ ಆ ಹಂತ ಬೇಗ ಬರುವುದರಿಂದ ಕಂಪ್ರೆಸರ್ ಆಗಾಗ ಟಕ್ ಎಂದು ಹಿಡಿದು ಬಿಡುವುದು ಸಹಜ. ಅದನ್ನು ರೋಗವೆಂದು ತಿಳಿಯಬೇಡಿ. ಆ ಮಣಿ ತನ್ನ ಜಾಗದಿಂದ ಜಾರಿದ್ದರೆ, ಇಲ್ಲವೇ ಕ್ಯಾಬಿನ್ ಫಿಲ್ಟರ್ ಧೂಳು ತುಂಬಿ ಗಾಳಿಯೇ ಹೋಗದಿದ್ದರೆ, ಕಾಯಿಲ್ ಶೂನ್ಯಕ್ಕಿಂತ ಕೆಳಗಿಳಿದು ಅದರ ಮೇಲಿನ ನೀರು ಹೆಪ್ಪುಗಟ್ಟುತ್ತದೆ. ಇದರ ಗುರುತು ಸ್ಪಷ್ಟ. ಹೊರಟಾಗ ಎ.ಸಿ. ಚೆನ್ನಾಗಿರುತ್ತದೆ, ಅರ್ಧ ಗಂಟೆಯಲ್ಲಿ ಗಾಳಿ ಕಡಿಮೆಯಾಗುತ್ತಾ ಬಂದು ಬ್ಲೋವರಿನ ಸದ್ದು ಮಾತ್ರ ಉಳಿಯುತ್ತದೆ. ಎ.ಸಿ. ಆರಿಸಿ ಬ್ಲೋವರ್ ಮಾತ್ರ ಐದು ನಿಮಿಷ ಓಡಿಸಿದರೆ ಹಿಮ ಕರಗಿ ಗಾಳಿ ಮತ್ತೆ ಬರುತ್ತದೆ. ಫಿಲ್ಟರ್ ಬದಲಿಸಿದರೆ ಹಲವು ಸಲ ಅಲ್ಲಿಗೇ ಮುಗಿಯುತ್ತದೆ.

ಉಷ್ಣಾಂಶದ ಗುಂಡಿಯ ವಿಚಾರವನ್ನು ಎಲ್ಲಕ್ಕಿಂತ ಮೊದಲೇ ಹೇಳಬಹುದಿತ್ತು. ಚಳಿಗೆಂದು ಕೆಂಪಿನತ್ತ ತಿರುಗಿಸಿದ ಗುಂಡಿಯನ್ನು ಮತ್ತೆ ನೀಲಿಗೆ ತಿರುಗಿಸಿದಾಗ ಒಳಗೆ ಹೀಟರಿನ ದಾರಿಯ ಬಾಗಿಲು ಪೂರ್ತಿ ಮುಚ್ಚದೆ ಅರ್ಧಕ್ಕೇ ಸಿಕ್ಕಿಕೊಳ್ಳುವುದುಂಟು. ಹೀಟರಿನ ಬಿಸಿ ಸೇರಿಕೊಂಡ ಗಾಳಿ ತಣ್ಣಗಿರುವುದಾದರೂ ಹೇಗೆ? ಎಂಜಿನ್ ಬಿಸಿಯಾಗುವ ಮುಂಚೆ ತಣ್ಣಗಿದ್ದು, ಹತ್ತು ಕಿಲೋಮೀಟರ್ ಓಡಿದ ಮೇಲೆ ಉಗುರುಬೆಚ್ಚಗಾದರೆ ಅನುಮಾನ ಇದರ ಮೇಲೆ. ಕಂಪ್ರೆಸರಿನ ಕ್ಲಚ್ ಸವೆದಿದ್ದರೆ ಲಕ್ಷಣ ಬೇರೆ. ತಣ್ಣಗಿರುವಾಗ ಹಿಡಿಯುತ್ತದೆ, ಬಿಸಿಯಾದ ಮೇಲೆ ಸುರುಳಿಯ ಅಯಸ್ಕಾಂತ ಬಲ ಕುಗ್ಗಿ, ಅಗಲವಾದ ಸಂದನ್ನು ಸೆಳೆಯಲಾರದೆ ಬಿಟ್ಟುಬಿಡುತ್ತದೆ. ಅದು ಬೇಸಿಗೆಯ ರೋಗ.

ಇನ್ನು ಗ್ಯಾಸು. ಎಂಜಿನ್ ಓಡುತ್ತಿರುವಾಗಲೂ ಚಳಿ ದಿನದ ಗೇಜು ಬೇಸಿಗೆಯದಕ್ಕೆ ಹೋಲುವುದಿಲ್ಲ. 14 ಡಿಗ್ರಿಯ ಗಾಳಿ ಕಂಡೆನ್ಸರನ್ನು ಚೆನ್ನಾಗಿ ತಣ್ಣಗೆ ಮಾಡುವುದರಿಂದ ಕೆಂಪು ಗೇಜು ಮೇಲೇರುವುದೇ ಇಲ್ಲ. ಬೇಸಿಗೆಯಲ್ಲಿ ಇನ್ನೂರು ದಾಟುತ್ತಿದ್ದದ್ದು ನೂರರ ಮೇಲೆ ಸ್ವಲ್ಪದರಲ್ಲೇ ನಿಲ್ಲುತ್ತದೆ. ವಾಲ್ವಿನ ಕಿಂಡಿಯಲ್ಲಿ ದ್ರವವನ್ನು ತಳ್ಳುವ ಬಲವೂ ಅಷ್ಟು ಕಡಿಮೆ, ನೀಲಿ ಗೇಜೂ ಕೆಳಗೆ. ಎರಡೂ ಕೆಳಗಿವೆ ಎಂದರೆ ಗ್ಯಾಸ್ ಕಮ್ಮಿ ಎಂದು ಬೇಸಿಗೆಯಲ್ಲಿ ಕಲಿತ ಪಾಠ ಹೇಳುತ್ತದೆ. ಹಾಗೆಂದು ಬೇಸಿಗೆಯ ಅಂಕಿ ಬರುವವರೆಗೆ ತುಂಬಿಸಿದರೆ ಹೆಚ್ಚಾದ ದ್ರವ ಕಂಡೆನ್ಸರಿನ ಕೊಳವೆಗಳಲ್ಲಿ ನಿಂತು, ಬಿಸಿ ಹೊರಹಾಕುವ ಜಾಗವನ್ನೇ ತಿನ್ನುತ್ತದೆ. ಚಳಿಯಲ್ಲಿ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಅಜ್ಜಂಪುರ, ಕಡೂರಿನ ಬಯಲು ದಾರಿಯಲ್ಲಿ ಮಧ್ಯಾಹ್ನ ಹೋಗುವಾಗ ಕೆಂಪು ಕಡೆಯ ಒತ್ತಡ ಮಿತಿಮೀರಿ, ಸುರಕ್ಷತೆಯ ಸ್ವಿಚ್ಚು ಕಂಪ್ರೆಸರನ್ನು ಪದೇಪದೇ ನಿಲ್ಲಿಸುತ್ತದೆ. ಎ.ಸಿ. ಮತ್ತೆ ಸೋಲುತ್ತದೆ, ಈ ಸಲ ಗ್ಯಾಸು ಹೆಚ್ಚಾಗಿ.

ಬಾನೆಟ್ಟಿನ ಒಳಮೈಯಲ್ಲಿ ಅಥವಾ ರೇಡಿಯೇಟರಿನ ಮೇಲಿನ ಪಟ್ಟಿಯಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರ ಮೇಲೆ ಗ್ಯಾಸಿನ ಹೆಸರಿನ ಜೊತೆ ಗ್ರಾಂ ಲೆಕ್ಕದಲ್ಲಿ ಪ್ರಮಾಣ ಬರೆದಿರುತ್ತದೆ. ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಅರ್ಧ ಕಿಲೋದೊಳಗೇ ಇರುತ್ತದೆ. ನಂಬಬೇಕಾದ ಅಂಕಿ ಅದೊಂದೇ. ಇದ್ದ ಗ್ಯಾಸನ್ನು ಯಂತ್ರದಿಂದ ಪೂರ್ತಿ ಹೊರತೆಗೆದು, ತೂಗಿ, ಎಷ್ಟು ಕೊರತೆಯಿತ್ತು ಎಂದು ನೋಡಿ, ಚೀಟಿಯಲ್ಲಿ ಬರೆದಷ್ಟನ್ನು ತಕ್ಕಡಿಯ ಮೇಲಿಟ್ಟು ತುಂಬಿಸುವ ಗ್ಯಾರೇಜು ಹತ್ತಿರದಲ್ಲಿ ಇಲ್ಲದಿದ್ದರೆ ಶಿವಮೊಗ್ಗದವರೆಗೆ ಹೋದರೂ ನಷ್ಟವಿಲ್ಲ. ಹಳೆಯ ಗ್ಯಾಸನ್ನು ಗಾಳಿಗೆ ಬಿಡುವ ಅಭ್ಯಾಸವನ್ನಂತೂ ಒಪ್ಪಲೇಬಾರದು. ಓಝೋನ್ ಪದರವನ್ನು ಹರಿಯುತ್ತಿದ್ದ ಆರ್-12 ಗ್ಯಾಸು 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಹೋಗಿ ಆರ್-134ಎ ಬಂತು. ಇದು ಓಝೋನಿಗೆ ತೊಂದರೆ ಕೊಡುವುದಿಲ್ಲ ನಿಜ. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ ಭೂಮಿಯನ್ನು ಕಾಯಿಸುವುದು ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು. 400 ಗ್ರಾಂ ಗ್ಯಾಸು ಸೋರಿದರೆ ಸುಮಾರು 250 ಲೀಟರ್ ಪೆಟ್ರೋಲ್ ಸುಟ್ಟಷ್ಟು ಕೆಡುಕು. ಇಂಥ ಗ್ಯಾಸುಗಳ ಬಳಕೆಯನ್ನು ಕಡಿಮೆ ಮಾಡಬೇಕೆಂಬ, ಅದೇ ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಗೆ ಭಾರತವೂ 2021ರಲ್ಲಿ ಒಪ್ಪಿಗೆ ಕೊಟ್ಟಿದೆ.

ಬೆಳಗಿನ ಗೇಜು 30ರಲ್ಲಿ ನಿಂತ ಕಾರಿಗೆ ಮರಳೋಣ. ಗ್ಯಾಸು ಹೋಗಿದೆ ಎಂದರೆ ಹೋದ ದಾರಿ ಇದೆ. ಗ್ಯಾಸು ತನ್ನ ಜೊತೆ ಎಣ್ಣೆಯನ್ನೂ ಹೊತ್ತು ತಿರುಗುವುದರಿಂದ ಸೋರಿದ ಜಾಗದಲ್ಲಿ ಎಣ್ಣೆಯ ಪಸೆ ಉಳಿದು, ಅದಕ್ಕೆ ನಮ್ಮ ಕೆಂಪು ಧೂಳು ಮೆತ್ತಿಕೊಂಡಿರುತ್ತದೆ. ಪೈಪಿನ ಜೋಡಣೆಗಳು, ಕಲ್ಲು ಬಡಿಯುವ ಕಂಡೆನ್ಸರಿನ ಕೆಳಭಾಗ, ಕಂಪ್ರೆಸರಿನ ಮುಂದಿನ ಕ್ಲಚ್ಚಿನ ಸುತ್ತ ಟಾರ್ಚ್ ಹಿಡಿದು ನೋಡಿದರೆ ಬಹಳ ಸಲ ಕಣ್ಣಿಗೇ ಕಾಣುತ್ತದೆ. ಕಾಣದಿದ್ದರೆ ಬಣ್ಣ ಹಾಕಿ ನೇರಳಾತೀತ ದೀಪದಲ್ಲಿ ಹುಡುಕುತ್ತಾರೆ. ಕಂಪ್ರೆಸರಿನ ತಿರುಗುವ ದಂಡದ ಸುತ್ತಲಿನ ಸೀಲು ಒದ್ದೆಯಾಗಿರುವುದು ಅದೇ ಎಣ್ಣೆಯಿಂದ. ಚಳಿಗಾಲದಲ್ಲಿ ಎ.ಸಿ. ಏಕೆ ಎಂದು ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟರೆ ಆ ಸೀಲು ಒಣಗಿ, ರಬ್ಬರಿನ ಉಂಗುರಗಳೂ ಚಳಿಗೆ ಕುಗ್ಗಿ, ಗ್ಯಾಸು ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿದರೆ ಎಣ್ಣೆ ಎಲ್ಲ ಕಡೆ ತಲುಪುತ್ತದೆ. ಮಂಜಿನ ಗಾಜಿಗಾಗಿ ದಿನವೂ ಹಾಕುವವರಿಗೆ ಆ ಚಿಂತೆಯೂ ಇಲ್ಲ. ಸೋರುವ ಜಾಗ ಸಿಕ್ಕಿದ ಮೇಲೆ ಅದನ್ನು ಸರಿಪಡಿಸಿ, ತೇವ ಹೀರುವ ಡ್ರೈಯರನ್ನು ಬದಲಿಸಿ, ವ್ಯಾಕ್ಯೂಮ್ ಪಂಪಿನಿಂದ ಕಡಿಮೆಯೆಂದರೂ ಅರ್ಧ ಗಂಟೆ ಒಳಗಿನ ಗಾಳಿ ಮತ್ತು ತೇವವನ್ನು ಎಳೆಸಬೇಕು. ಪಂಪು ನಿಲ್ಲಿಸಿದ ಮೇಲೆ ಇನ್ನೊಂದಿಷ್ಟು ಹೊತ್ತು ಕಾದು, ನೀಲಿ ಮುಳ್ಳು ಮೇಲೇಳದೆ ನಿಂತಲ್ಲೇ ನಿಂತಿದ್ದರೆ ಮಾತ್ರ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಗ್ಯಾಸು ಬಿಡಲು ಹೇಳಿ.